ಅಕ್ಕ ಮಡಚಿದ ತ್ರಿಕೋನ

ಮಕ್ಕಳೇ, ನಾನು ನಿಮ್ಮ ವಯಸ್ಸಿನವನಾಗಿದ್ದಾಗ ನಾವು ಠಾಕುರ್ಲಿಯಲ್ಲಿ, ರೈಲು ಹಳಿ ಪಕ್ಕದ ಸಾಲುಕೋಣೆಗಳ ಚಾಳಿನ ಒಂದೇ ಕೋಣೆಯಲ್ಲಿದ್ದೆವು. ವಿಜಾಪುರದ ಕಡೆಯಿಂದ ಬಂದಿದ್ದ ಅಪ್ಪ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅಕ್ಕ, ಅಡುಗೆ ಮುಗಿಸಿ, ಕಿರಾಣಿ ಅಂಗಡಿಗಾಗಿ ರದ್ದಿ ಪೇಪರಿನ ಚೀಲ ಅಂಟಿಸುತ್ತಿದ್ದಳು. ಒಂಬತ್ತನೇ ಕ್ಲಾಸಿನ ನನಗೆ ಓದು ಅಂದರೆ ಬಾಯಿಪಾಠ.

ಆ ಸಲ ರೇಖಾಗಣಿತದಲ್ಲಿ ಫೇಲಾದೆ. ತ್ರಿಕೋನದ ಎರಡು ಬದಿ ಸಮವಿದ್ದರೆ ಅವುಗಳ ಎದುರಿನ ಕೋನಗಳೂ ಸಮ ಎಂಬ ಪ್ರಮೇಯವನ್ನು ಎ-ಬಿ-ಸಿ ಎಂದು ಉರುಹೊಡೆದಿದ್ದೆ. ಪ್ರಶ್ನೆಯಲ್ಲಿ ತ್ರಿಕೋನದ ಮೂಲೆಗಳಿಗೆ ಪಿ-ಕ್ಯೂ-ಆರ್ ಎಂಬ ಅಕ್ಷರಗಳಿದ್ದವು. ನಾನು ಎ-ಬಿ-ಸಿ ಎಂದೇ ಬರೆದು ಬಂದಿದ್ದೆ. ಸೋಮವಾರ ಮರುಪರೀಕ್ಷೆ. ಅದರಲ್ಲೂ ಫೇಲಾದರೆ ಶಾಲೆ ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದರು.

ಭಾನುವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಗಡಿನ ಮಾಡು ಕಾದಿತ್ತು. ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಲೋಕಲ್ ರೈಲು ಹೋದಾಗಲೆಲ್ಲ ತಟ್ಟೆಗಳು ನಡುಗುತ್ತಿದ್ದವು, ನನಗೆ ಸಾಲು ಮರೆಯುತ್ತಿತ್ತು. ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಕೇಳಿ ಕೇಳಿ ಸಾಕಾದ ಅಕ್ಕ, ಅದನ್ನು ತನಗೆ ತಿಳಿಸಿ ಹೇಳು ಅಂದಳು. ನೆಲದ ಮೇಲೆ ಇದ್ದಿಲಿನಿಂದ ತ್ರಿಕೋನ ಬರೆದು, ನೆತ್ತಿಯಿಂದ ನಡುವೆ ಗೆರೆ ಎಳೆದೆ.

“ಈ ಗೆರಿ ಯಾಕ ಎಳದಿ?” ಅಂದಳು.

ಪುಸ್ತಕದಲ್ಲಿ ಹಾಗಿದೆ ಅಂದೆ. ಅವಳು ಮತ್ತೆ ಅದನ್ನೇ ಕೇಳಿದಳು. ನನಗೆ ರೇಗಿತು. ಇದ್ದಿಲು ಎಸೆದು ಹೊರಗೆ ಹೋಗಿ, ಚಾಳಿನ ಉದ್ದಕ್ಕೂ ಎಷ್ಟು ಸಲ ಓಡಾಡಿದೆನೋ.

ಒಳಗೆ ಬಂದಾಗ ಅಕ್ಕ ಪೇಪರಿನಲ್ಲಿ ಅಂಥದ್ದೇ ತ್ರಿಕೋನ ಕತ್ತರಿಸಿಟ್ಟಿದ್ದಳು. ನೆತ್ತಿಯಿಂದ ಸರಿಯಾಗಿ ನಡುವೆ ಮಡಚಿದಳು.

“ನೋಡೋ ತಮ್ಮಾ, ಎರಡೂ ಮೂಲಿ ಒಂದರ ಮ್ಯಾಲ ಒಂದು ಕುಂತ್ವು. ಮಡಚೂದಕ್ಕ ಈ ಗೆರಿ.”

ಆ ಕಾಗದವನ್ನು ಕಸಿದುಕೊಂಡು ಬಿಚ್ಚಿದೆ, ಮಡಚಿದೆ, ಮತ್ತೆ ಬಿಚ್ಚಿದೆ. ಎರಡು ಅರ್ಧಗಳೂ ಒಂದೇ. ಇನ್ನು ಯಾವ ಅಕ್ಷರ ಕೊಟ್ಟರೇನು! ಸಂಜೆಯವರೆಗೂ ಅವಳು ಚೀಲ ಅಂಟಿಸುತ್ತ ಯಾಕೆ, ಯಾಕೆ ಎಂದು ಕೇಳುತ್ತಲೇ ಇದ್ದಳು. ನಾನು ಹೇಳುತ್ತಲೇ ಇದ್ದೆ.

ಮರುಪರೀಕ್ಷೆಯಲ್ಲಿ ಪಾಸಾದೆ. ಅಪ್ಪ ಪೇಡೆ ತಂದು ಮೊದಲು ನನ್ನ ಬಾಯಿಗಿಟ್ಟರು. ಅಕ್ಕನೂ ನಕ್ಕಳು. ಪಾಠ ಹೇಳಿಕೊಟ್ಟವಳು ಅವಳು ಎಂದು ನಾನು ಅಪ್ಪನಿಗೆ ಹೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳ ಮದುವೆಯಾಯಿತು.

ಈಗ ಬೇಲಾಪುರದ ನಿಮ್ಮ ಮನೆಯಲ್ಲಿ ಅಣ್ಣನಿಗೊಂದು ಮೇಜು, ತಂಗಿಗೊಂದು ಮೇಜು. ಅರ್ಥವಾಗದಿದ್ದರೆ ವಿಡಿಯೊವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತೀರಿ. ಇಬ್ಬರೂ ಪರೀಕ್ಷೆಗೆ ಹೋಗುತ್ತೀರಿ. ನಮ್ಮ ಮನೆಯಿಂದ ಪರೀಕ್ಷೆಗೆ ಹೋದವನು ನಾನೊಬ್ಬನೇ, ಮಕ್ಕಳೇ. ಲೆಕ್ಕ ತಿಳಿದಿದ್ದು ಅಕ್ಕನಿಗೆ.