ಸೀಟು ಹಿಡಿದ ಲ್ಯಾಪ್‌ಟಾಪು

ಭಾಲ್ಕಿಯ ನಜಮೋದ್ದೀನ ಲಗ್ನದ ವಿಡಿಯೊ ತೆಗೆಯುವವನು. ನಿಕಾಹ್ ಇರಲಿ, ಲಿಂಗಾಯತರ ಮದುವೆ ಇರಲಿ, ಮಂಟಪದ ಮುಂದೆ ಮೊದಲು ಕಾಣುವುದು ಅವನ ಬೆನ್ನು. ಹಿಂದೆ ಕುಳಿತ ನಮಗೆ ಮದುವೆಯೆಂದರೆ ಆ ಬೆನ್ನೇ. ಮದುಮಕ್ಕಳ ಮುಖ ಕಾಣುವುದು ಆಮೇಲೆ, ಅವನ ಲ್ಯಾಪ್‌ಟಾಪಿನಲ್ಲಿ.

ಅದನ್ನು ಅವನು ಕೂಸಿನ ಹಾಗೆ ಒಯ್ಯುತ್ತಿದ್ದ. ಪೂರ್ತಿ ಬಂದ್ ಮಾಡಿ, ಸ್ಪಂಜಿನ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಳ್ಳುತ್ತಿದ್ದ. ಮೇಲಿನ ಹಲಗೆಯಲ್ಲಿ ಇಡು ಎಂದರೆ, "ನಿಮ್ಮ ಮೊಮ್ಮಗನ್ನ ಇಡ್ತೀರೇನ್ರಿ ಅಲ್ಲಿ?" ಎನ್ನುತ್ತಿದ್ದ. ನಾನು ಚಹಾ ಹಿಡಿದರೆ ಎದ್ದು ಆಚೆ ಕೂರುತ್ತಿದ್ದ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನ್ನ ಕೈಯ ಮೇಲೆ ಅವನಿಗೆ ಅಷ್ಟು ನಂಬಿಕೆ. ಇಷ್ಟೆಲ್ಲ ಮಾಡುವವನು ಒಂದನ್ನು ಮಾತ್ರ ಮಾಡುತ್ತಿರಲಿಲ್ಲ: ಇನ್ನೊಂದು ಕಾಪಿ ಇಡುವುದು.

ಔರಾದಿನ ಪ್ರಣಿತಾಳ ಮದುವೆ ಭಾಲ್ಕಿಯಲ್ಲಾಯಿತು. ಅವಳ ಅಜ್ಜಿ ಅಂಜನಾಬಾಯಿ ಅದೇ ವಾರ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಸಾಕಿ ಬೆಳೆಸಿದ ಮೊಮ್ಮಗಳ ಲಗ್ನ ನೋಡಲಾಗಲಿಲ್ಲವೆಂದು ಊಟವನ್ನೇ ಬಿಟ್ಟಿದ್ದಳಂತೆ. "ನಾನೇ ತಂದು ತೋರಿಸ್ತೇನಿ, ಅಮ್ಮಾ" ಎಂದು ನಜಮೋದ್ದೀನ ಫೋನಿನಲ್ಲಿ ಮಾತು ಕೊಟ್ಟ. ಅಷ್ಟರಲ್ಲಿ ಹಲಬರ್ಗಾದ ಮದುವೆ ಬಂತೆಂದು ಕ್ಯಾಮೆರಾದ ಕಾರ್ಡು ಅಳಿಸಿದ್ದ. ಪ್ರಣಿತಾಳ ಮದುವೆ ಈಗ ಭೂಮಿಯ ಮೇಲೆ ಇದ್ದದ್ದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದನ್ನು ಹಿಡಿದು ಹೊರಟ. ಮದುವೆ ಮನೆಯೆಂದರೆ ಹೋಳಿಗೆ ಇದ್ದೇ ಇರುತ್ತದೆಂದು ನಾನೂ ಹೊರಟೆ.

ಬೀದರ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕು. ನಮ್ಮಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲು ಎಸೆದರೆ ಆ ಸೀಟು ಎಸೆದವನದು. ಟವಲು ಬಿದ್ದಲ್ಲಿ ಕೂರುವುದೆಂದರೆ ಪರರ ಹೊಲಕ್ಕೆ ನೇಗಿಲು ಹೂಡಿದ ಹಾಗೆ. ಔರಾದ ಬಸ್ಸು ಬಂತು. ಜನ ಮುಗಿಬಿದ್ದರು. ನಜಮೋದ್ದೀನ ಓಡಿ, ಜಿಗಿದು, ಕಿಟಕಿಯೊಳಕ್ಕೆ ಎಸೆದ. ಎಸೆದು ನನ್ನ ಕಡೆ ತಿರುಗಿ ನಕ್ಕ.

ಟವಲು ಅವನ ಕೈಯಲ್ಲೇ ಇತ್ತು.

ನಾನು ಟವಲು ನೋಡಿದೆ. ಅವನೂ ನೋಡಿದ. 

"ಮಾಸ್ತರ್ರ... ನಾ ಏನ ಒಗದೆ?"

ಬಾಗಿಲ ಕಡೆ ನುಗ್ಗಿದೆವು. ನನ್ನ ಹೊಟ್ಟೆ ಒಂದು ಮೆಟ್ಟಿಲು ಹತ್ತಿತು, ಜನ ಅದನ್ನು ಇಳಿಸಿದರು. ಕಂಡಕ್ಟರು ಸೀಟಿ ಊದಿದ. ನಮ್ಮಿಬ್ಬರನ್ನು ಧೂಳಿನಲ್ಲಿ ಬಿಟ್ಟು ಮದುವೆ ಔರಾದಿಗೆ ಹೋಯಿತು.

"ಯಾ ಅಲ್ಲಾ! ಮುದುಕಿಗೆ ಏನ್ ಹೇಳ್ಲಿ? ಲಗ್ನ ಮತ್ತೊಮ್ಮಿ ಮಾಡ್ರಿ ಅನ್ಲೇನ್ರಿ?"

"ಮಾಡಿದ್ರ ನನಗ ಅಡ್ಡಿಯಿಲ್ಲ" ಎಂದೆ, ಧೈರ್ಯ ಹೇಳಬೇಕೆಂದು. ಅವನು ನೋಡಿದ ನೋಟಕ್ಕೆ ಹೋಳಿಗೆ ಅಲ್ಲೇ ಮರೆತುಹೋಯಿತು.

ಅದರ ಹಿಂದೆ ಬಂದ ಬಸ್ಸು ಹಿಡಿದೆವು. ಸಂತಪೂರ ದಾಟುವವರೆಗೆ ಅವನು ಪ್ರತಿ ಗುಂಡಿಗೂ ಎದೆ ಹಿಡಿದುಕೊಳ್ಳುತ್ತಿದ್ದ, ಮುಂದೆಲ್ಲೋ ಅದೇ ಗುಂಡಿಯಲ್ಲಿ ಲ್ಯಾಪ್‌ಟಾಪು ಎಗರಿರುತ್ತದಲ್ಲ.

ಔರಾದಿನಲ್ಲಿ ಆ ಬಸ್ಸು ನಿಂತಿತ್ತು. ಒಳಗೆ ಓಡಿದರೆ, ಕಿಟಕಿಯ ಪಕ್ಕದ ಸೀಟಿನಲ್ಲಿ ಚೀಲ ಒಂದೇ ಕುಳಿತಿದೆ. ಕಂಡಕ್ಟರು ನಮ್ಮಿಬ್ಬರನ್ನೂ ಅಡಿಯಿಂದ ಮುಡಿವರೆಗೆ ನೋಡಿದ.

"ನಿಮ್ದೇನ್ರಿ ಇದು? ಬಸ್ಸಿನಾಗ ಉಸುರು ಬಿಡಾಕ ಜಾಗಿಲ್ಲ, ಮಂದಿ ಒಂಟಿ ಕಾಲಿನ ಮ್ಯಾಲ ನಿಂತು ಬಂದಾರ. ಒಬ್ರೂ ಕೂಡಲಿಲ್ರಿ! ಯಾರೋ ಸೀಟ ಹಿಡದಾರ, ಮುಂದ ಹತ್ತತಾರ ಅಂತ."

ನಜಮೋದ್ದೀನ ಚೀಲ ತಬ್ಬಿಕೊಂಡ.

"ತಡೀರಿ. ಸೀಟ ಹಿಡದದ, ಟಿಕೀಟ ಆಗಬೇಕು. ಹೆಣ್ಮಗಳಾಗಿದ್ರ ಪುಕಟ ಬಿಡ್ತಿದ್ದೆ. ಇದರ ಆಧಾರ ಕಾರ್ಡ ಎಲ್ಲದ?"

ಟಿಕೀಟಿನ ದುಡ್ಡು ನಾನು ಕೊಟ್ಟೆ. ಅವನ ಎರಡೂ ಕೈ ಚೀಲದ ಮೇಲಿದ್ದವು. ಚೀಲ ಬಿಚ್ಚಿ ನೋಡುವ ಧೈರ್ಯವೂ ಅವನಿಗಿರಲಿಲ್ಲ. ಹಾಗೇ ಎದೆಗವುಚಿಕೊಂಡು ಅಂಜನಾಬಾಯಿಯ ಮನೆಗೆ ನಡೆದ.

ಮಂಚದ ಮೇಲೆ, ಅವಳ ಎದುರಿಗೇ ತೆರೆದ. ಪರದೆಯ ಮೂಲೆಯಿಂದ ಮೂಲೆಗೆ ಬಿರುಕು. ಬಟನ್ ಒತ್ತಿದ. ಕತ್ತಲೆ.  ಆಮೇಲೆ ಬೆಳಕು, ಬಾಜಾಬಜಂತ್ರಿ, ಬಿರುಕಿನ ಈಚೆ ಪ್ರಣಿತಾ, ಆಚೆ ಗಂಡು.

ನಜಮೋದ್ದೀನ ನೆಲದ ಮೇಲೆ ಕುಳಿತ. ಮುದುಕಿ ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು. ತಾಳಿ ಕಟ್ಟುವ ಹೊತ್ತು ಬಂದಾಗ ಸೊಸೆಯನ್ನು ಕೂಗಿ ಅಕ್ಷತೆಯ ಅಕ್ಕಿಕಾಳು ತರಿಸಿದಳು. ನಮಗೆ ಅರ್ಥವಾಗುವುದರೊಳಗೆ ಮುಷ್ಟಿ ತುಂಬಿ ಲ್ಯಾಪ್‌ಟಾಪಿನ ಮೇಲೆ ಹಾಕಿಯೇಬಿಟ್ಟಳು. ಅರಿಶಿನದ ಅಕ್ಕಿ ಅಕ್ಷರದ ಬಟನ್ನುಗಳ ಸಂದಿಯಲ್ಲೆಲ್ಲ ಇಳಿಯಿತು.

ನಜಮೋದ್ದೀನ ಹಾವು ಕಂಡವನಂತೆ ಎದ್ದ. ಮುದುಕಿಯ ಕಣ್ಣಲ್ಲಿ ನೀರಿತ್ತು, ಕೈ ಎರಡನೇ ಮುಷ್ಟಿಗೆ ಹೋಗಿತ್ತು. ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

"ಅಮ್ಮಾ, ಹುಡುಗಿ ಮ್ಯಾಲ ಹಾಕ್ರಿ. ಕೆಳಗ ಬಟನ್ ಮ್ಯಾಲ ಬ್ಯಾಡ್ರಿ."

"ಮತ್ತ ಗಂಡಿನ ಮ್ಯಾಲ ಹಾಕಬಾರದೇನೋ, ತಮ್ಮಾ?" ಎಂದು ಅಂಜನಾಬಾಯಿ ಬಿರುಕಿನ ಆಚೆಗೂ ಒಂದು ಮುಷ್ಟಿ ಬೀರಿದಳು.