ಮೊಳೆಗೆ ತೂಗುಹಾಕಿದ ಅಸಲಿ

ಗಾಡಿಯನ್ನು ಆಟೊದಿಂದ ಇಳಿಸುವುದು ಬೇಡ ಎಂದರು ನಾಗಭೂಷಣ್. ಇಳಿಸಿ ಮತ್ತೆ ಹತ್ತಿಸುವಾಗ ತಾವೂ ಕೈ ಹಾಕಬೇಕಾಗುತ್ತದೆ, ಬಲಗಡೆಯ ಭುಜ ಅದಕ್ಕೆ ಒಪ್ಪುವುದಿಲ್ಲ. ಗೋವಿಂದರಾಜನಗರದ ಅವರ ಒಂಟಿ ಶಟರಿನ ಅಂಗಡಿಯ ಮುಂದೆ ನಿಂತಿದ್ದ ಗೂಡ್ಸ್ ಆಟೊಗೆ ಮೆಲ್ಲಗೆ ಹತ್ತಿ, ಹಗ್ಗದಲ್ಲಿ ಬಿಗಿದಿದ್ದ ಹಳೇ ಜಾವಾ ಬೈಕಿನ ಪಕ್ಕದಲ್ಲಿ ಮಂಡಿಯೂರಿ, ಜೇಬಿನಿಂದ ಸೀಮೆಸುಣ್ಣ ತೆಗೆದರು. ಸೋಮವಾರ ಬೆಳಿಗ್ಗೆ ಹತ್ತೂವರೆ. ಆಟೊ ಡ್ರೈವರ್ ಟೀ ಕುಡಿಯಲು ಹೋಗಿದ್ದ.

ಗಾಡಿಯ ಒಡತಿ ಸತ್ಯವತಿ ಕೆಳಗೆ ನಿಂತಿದ್ದರು. ಹೊಸಹಳ್ಳಿಯವರು, ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ತಂದೆಯ ಗಾಡಿಯನ್ನು ಹೊಸದರ ಹಾಗೆ ಬಣ್ಣ ಬಳಿದುಕೊಡಲು ಕೆಂಗೇರಿಯ ಪೇಂಟರ್ ಒಬ್ಬ ಒಪ್ಪಿದ್ದ. ಆದರೆ ಬಿಚ್ಚುವ ಮೊದಲು ಯಾವ ಪಾರ್ಟು ಕಂಪನಿಯದು, ಯಾವುದು ಆಮೇಲೆ ಬಂದು ಸೇರಿದ್ದು ಎಂದು ನಾಗಭೂಷಣ್ ಹತ್ತಿರ ಗುರುತು ಹಾಕಿಸಿಕೊಂಡು ಬನ್ನಿ ಎಂದಿದ್ದ.

ನಾಗಭೂಷಣ್‌ಗೆ ಈಗ ಅರವತ್ತಮೂರು. ಹೊಳಲ್ಕೆರೆ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದು, ಮೂವತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಇಂಜಿನ್ ಬಿಚ್ಚಿ ಕಟ್ಟಿದವರು. ಭುಜ ಕೈಕೊಟ್ಟ ಮೇಲೆ ಸ್ಪ್ಯಾನರ್ ಹಿಡಿಯುವುದು ಕಡಿಮೆ. ನೋಡಿ ಹೇಳುತ್ತಾರೆ, ಅಷ್ಟೆ. ಮಡ್‌ಗಾರ್ಡನ್ನು ಉಗುರಿನಿಂದ ತಟ್ಟಿ ತಗಡಿನ ದಪ್ಪ ಹೇಳುತ್ತಾರೆ. ತಿರುಪಿನ ತಲೆ ನೋಡಿ, ಅದನ್ನು ಎಷ್ಟು ಜನ ಬಿಚ್ಚಿದ್ದಾರೆ ಎನ್ನುತ್ತಾರೆ. ಅಸಲಿಗೆ ಸುಣ್ಣದ ಒಂದು ಚುಕ್ಕಿ, ನಕಲಿಗೆ ಅಡ್ಡಗೆರೆ. ಅವರು ಗೆರೆ ಎಳೆದ ಪಾರ್ಟನ್ನು ಪಶ್ಚಿಮ ಬೆಂಗಳೂರಿನಲ್ಲಿ ಹಳೇ ಗಾಡಿ ಇಟ್ಟವರು ಯಾರೂ ಮರಳಿ ಹಾಕಿಸುವುದಿಲ್ಲ. ಅವರಿಗೆ ಉಳಿದಿರುವ ಕಸುಬು ಆ ಮಾತೊಂದೇ.

"ಅದೇನ್ರೀ, ಹೆಣ್ಣು ನೋಡೋಕೆ ಬಂದೋರ ಹಾಗೆ ತಲೆಯಿಂದ ಕಾಲಿನ ತನಕ ನೋಡ್ತಿದೀರಿ?" ಎಂದರು ಸತ್ಯವತಿ.

"ಅವರಾದ್ರೆ ಉಪ್ಪಿಟ್ಟು ತಿಂದು ನೋಡ್ತಾರೆ ಮೇಡಂ. ನನಗೆ ಅದೂ ಇಲ್ಲ."

ಮುಕ್ಕಾಲು ಗಂಟೆಯಲ್ಲಿ ಗಾಡಿಯ ಮೇಲೆಲ್ಲ ಚುಕ್ಕಿಗಳಾದವು. ಒಂದೂ ಗೆರೆ ಇಲ್ಲ. ಹೀಗಾಗುವುದು ಅಪರೂಪ. ಕೊನೆಗೆ ಉಳಿದದ್ದು ಕಾರ್ಬುರೇಟರ್ ಮುಚ್ಚಳ, ಇಂಜಿನ್ನಿನ ಮೇಲೆ ಕೂರುವ ಅಂಗೈಯಗಲದ ಅಲ್ಯೂಮಿನಿಯಂ ಎರಕ. ಅದನ್ನು ಬಿಚ್ಚಿಕೊಂಡು ಅಂಗಡಿಯೊಳಗೆ ಹೋದರು. ಗೋಡೆಯ ಮೊಳೆಗೆ ಇನ್ನೊಂದು ಮುಚ್ಚಳ ತೂಗುಹಾಕಿತ್ತು. ಅದು ಅವರ ಅಳತೆಯ ತುಂಡು, ಅಸಲಿ ಎಂದು ಇಟ್ಟುಕೊಂಡದ್ದು. ಎರಡಕ್ಕೂ ಅಳತೆ ನೋಡುವ ವರ್ನಿಯರ್ ಹಿಡಿದರು. ಸತ್ಯವತಿಯವರದು ಒಂದು ಮಿಲಿಮೀಟರ್ ಚಿಕ್ಕದಿತ್ತು.

ಗೆರೆ ಎಳೆದರು.

"ಇದೊಂದು ಡೂಪ್ಲಿಕೇಟ್ ಮೇಡಂ. ಅಸಲಿಯನ್ನ ಮರಳಿನಲ್ಲಿ ಒತ್ತಿ ಅಚ್ಚು ತೆಗೀತಾರೆ. ಹುಯ್ದ ಲೋಹ ಆರಿದಾಗ ಕುಗ್ಗತ್ತೆ. ಅದಕ್ಕೆ ನಕಲಿ ಯಾವಾಗಲೂ ಚಿಕ್ಕದು."

"ಯಾರು ಬದಲಾಯಿಸಿದ್ದು?"

"ಯಾರೋ ಮೆಕ್ಯಾನಿಕ್ಕು."

"ನಮ್ಮಪ್ಪನಿಗೆ ಮೆಕ್ಯಾನಿಕ್ ಅಂದ್ರೆ ಆಗ್ತಿರ್ಲಿಲ್ಲ, ತಪ್ಪು ತಿಳ್ಕೋಬೇಡಿ. ಮಾಗಡಿ ರೋಡಿನ ಗಿರಣೀಲಿ ಫಿಟ್ಟರ್ ಆಗಿದ್ರು. ಅರವತ್ತೈದರಲ್ಲಿ ಗಾಡಿ ತಗೊಂಡ್ರು, ಎಂಬತ್ತಮೂರರಲ್ಲಿ ಟಾರ್ಪಾಲು ಹೊದಿಸಿದ್ರು. ಅವರನ್ನ ಬಿಟ್ರೆ ಇದಕ್ಕೆ ಕೈ ಹಾಕಿದೋರು ನೀವೇ ಮೊದಲು."

"ಎಲ್ಲರೂ ಹಾಗೇ ಹೇಳ್ತಾರೆ."

"ಎಲ್ಲರ ಲೆಕ್ಕ ನನಗ್ಯಾಕೆ? ಇಂಜಿನ್ ಮೇಲೆ ಅದು ಕೂತಿದ್ದ ಜಾಗ ಇದೆಯಲ್ಲ, ಹೋಗಿ ನೋಡಿ. ಮೂವತ್ತು ವರ್ಷ ಮಕ್ಕಳ ಉತ್ತರ ತಿದ್ದಿದೀನಿ, ಒಂದು ಸಲ ತಾಳೆ ನೋಡದೆ ಸೊನ್ನೆ ಕೊಟ್ಟವಳಲ್ಲ."

ವಾದ ಮಾಡುವುದಕ್ಕಿಂತ ಹೋಗಿ ನೋಡುವುದೇ ಸುಲಭ ಎನಿಸಿ ಅವರು ಮತ್ತೆ ಆಟೊ ಹತ್ತಿದರು. ಇಂಜಿನ್ನಿನ ಮೇಲೆ ಅರವತ್ತು ವರ್ಷದ ಎಣ್ಣೆ, ಧೂಳು ಗಟ್ಟಿಯಾಗಿ ಕೂತಿತ್ತು. ಮುಚ್ಚಳ ಇದ್ದ ಕಡೆ ಮಾತ್ರ ಲೋಹ ಬೆಳ್ಳಗಿತ್ತು, ಸುತ್ತ ಕಪ್ಪು ಗೆರೆ. ಸತ್ಯವತಿಯವರ ಮುಚ್ಚಳವನ್ನು ಇಟ್ಟು ನೋಡಿದರು. ಗೆರೆಗೆ ಗೆರೆ ಕೂಡಿತು. ಗೋಡೆಯ ಮೇಲಿನದನ್ನು ತಂದು ಇಟ್ಟರು. ಅದು ಸುತ್ತಲೂ ಕಪ್ಪು ಗೆರೆಯನ್ನು ಮುಚ್ಚಿ ಆಚೆ ಬಂತು. ಮೊದಲಿಗೆ ಅಷ್ಟಗಲದ್ದು ಕೂತಿದ್ದರೆ ಬೆಳ್ಳಗಿನ ಜಾಗವೂ ಅಷ್ಟೇ ಅಗಲ ಇರಬೇಕಿತ್ತು.

ಇನ್ನೊಮ್ಮೆ ಇಟ್ಟರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಇಟ್ಟರು.

"ಏನಾಯ್ತು?" ಎಂದರು ಸತ್ಯವತಿ.

"ಸ್ವಲ್ಪ ಕೂತ್ಕೊಳ್ಳಿ ಮೇಡಂ. ಒಂದು ಫೋನ್ ಮಾಡಬೇಕು."

1998ರಲ್ಲಿ, ಮೈಸೂರಿನ ಕಾರ್ಖಾನೆ ಮುಚ್ಚಿ ಪಾರ್ಟು ಸಿಗದಂತಾದಾಗ, ನಾಗಭೂಷಣ್ ತಮ್ಮಲ್ಲಿದ್ದ ಒಂದೇ ಒಂದು ಅಸಲಿ ಮುಚ್ಚಳವನ್ನು ಕಾಮಾಕ್ಷಿಪಾಳ್ಯದ ಎರಕದ ಕೃಷ್ಣಪ್ಪನಿಗೆ ಕೊಟ್ಟಿದ್ದರು. ಆಗ ಅಸಲಿ, ನಕಲಿ ಎಂದು ಕೇಳುವವರು ಇರಲಿಲ್ಲ. ಗಾಡಿ ಓಡಬೇಕು, ಮಳೆನೀರು ಕಾರ್ಬುರೇಟರಿಗೆ ಹೋಗಬಾರದು, ಅಷ್ಟೆ. ಎರಕ ಕುಗ್ಗುವುದು ಗೊತ್ತಿದ್ದರಿಂದ ಅಸಲಿಗೆ ಪುಟ್ಟಿ ಬಳಿದು ತುಸು ದಪ್ಪ ಮಾಡಿ ಅಚ್ಚೊತ್ತಿಸಿದ್ದರು. ಹನ್ನೆರಡು ಮುಚ್ಚಳ ಹುಯ್ದಾದ ಮೇಲೆ, ಅಸಲಿಯ ಪುಟ್ಟಿ ತೊಳೆಸಿ, ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತು ತಂದಿದ್ದರು. ಕಣ್ಣಂದಾಜಿನಲ್ಲೇ ಅಸಲಿಯನ್ನು ಆರಿಸಿ ಮೊಳೆಗೆ ಹಾಕಿ, ಒಂದೊಂದು ನಕಲಿಗೂ ವರ್ನಿಯರ್ ಹಿಡಿದು ನೋಡಿದ್ದರು. ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಒಂದು ಮಾತ್ರ ಸ್ವಲ್ಪ ಚಿಕ್ಕದು ಬಂದಿತ್ತು. ಅದು ಕೆಟ್ಟ ಎರಕ ಎಂದುಕೊಂಡು ಮೊದಲು ಬಂದ ಗಿರಾಕಿಯ ಗಾಡಿಗೆ ಹಾಕಿ ಕಳಿಸಿದ್ದರು.

ಕೃಷ್ಣಪ್ಪ ಈಗ ಶ್ರೀಗಂಧದ ಕಾವಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೂರನೇ ಸಲಕ್ಕೆ ಫೋನ್ ಎತ್ತಿದರು.

"ಏನಯ್ಯಾ, ಇನ್ನೂ ಇದೀಯಾ?"

"ಇದೀನಿ. ಆವತ್ತು ಜಾವಾ ಮುಚ್ಚಳ ಹುಯ್ದ್ಯಲ್ಲ, ಅಸಲಿ ಯಾವುದು ಅಂತ ಗುರುತು ಇಟ್ಟಿದ್ದ್ಯಾ?"

"ಇಟ್ಟಿದ್ದೆ ಕಣಯ್ಯಾ. ಒಳಗಡೆ ಪೇಂಟಲ್ಲಿ ಒಂದು ಬೊಟ್ಟು."

"ಅದೆಲ್ಲಿ ಹೋಯ್ತು?"

"ಪುಟ್ಟಿ ಬಿಡಿಸ್ಬೇಕು ಅಂತ ಥಿನ್ನರಲ್ಲಿ ಅದ್ದಿಸ್ದೋನು ನೀನೇ ಅಲ್ವೇನೋ? ಬೊಟ್ಟು ಮಾತ್ರ ಉಳ್ಕೊಂಡಿರತ್ತಾ?" ನಕ್ಕು, ಕೆಮ್ಮಿ, ಆಮೇಲೆ ಕೃಷ್ಣಪ್ಪ ಕೇಳಿದರು, "ಇಪ್ಪತ್ತಾರು ವರ್ಷ ಆಯ್ತು. ಈಗ್ಯಾಕೆ?"

"ಸುಮ್ಮನೆ ಕೇಳ್ದೆ" ಎಂದು ನಾಗಭೂಷಣ್ ಫೋನ್ ಇಟ್ಟರು.

ಸುಮ್ಮನೆ ಕೇಳಿದ್ದೇನಲ್ಲ. ಪುಟ್ಟಿ ಒಂದು ಪದರ ಹೆಚ್ಚಾಗಿ, ಹನ್ನೆರಡೂ ನಕಲಿಗಳು ಅಸಲಿಗಿಂತ ದೊಡ್ಡದಾಗಿ ಬಂದಿದ್ದವು. ಕೆಟ್ಟ ಎರಕವೆಂದು ಸಾಗಹಾಕಿದ್ದೇ ಅಸಲಿ. ಅಂದಿನಿಂದ ಇಂದಿನವರೆಗೆ ಅವರು ನಕಲಿಯನ್ನು ಅಳತೆಗೋಲು ಮಾಡಿಕೊಂಡು, ಅಸಲಿ ತಂದವರಿಗೆಲ್ಲ ಚಿಕ್ಕದೆಂದು ಗೆರೆ ಎಳೆದಿದ್ದರು. ತಮ್ಮದೇ ಹನ್ನೆರಡರಲ್ಲಿ ಒಂದು ತಿರುಗಿ ಬಂದರೆ ಚುಕ್ಕಿ ಇಟ್ಟು ಕಳಿಸಿದ್ದರು.

ಸತ್ಯವತಿಯವರ ಮುಚ್ಚಳದ ಗೆರೆಯನ್ನು ಅಂಗಿಯ ತುದಿಯಿಂದ ಒರೆಸಿ, ಚುಕ್ಕಿ ಇಟ್ಟರು.

"ನಿಮ್ಮದೇ ಸರಿ ಮೇಡಂ. ನನ್ನದು ಡೂಪ್ಲಿಕೇಟ್."

ಆಕೆ ಗೆದ್ದ ಮುಖ ಮಾಡಲಿಲ್ಲ. "ಬೇರೆ ಯಾರಿಗಾದ್ರೂ ತಪ್ಪು ಹೇಳಿದೀರಾ?" ಎಂದು ಕೇಳಿದರು.

"ಹೇಳಿದೀನಿ."

ಸಂಜೆ ಐದಕ್ಕೆ ನಾಗಭೂಷಣ್ ಎರಡು ಬಸ್ಸು ಹಿಡಿದು ಬಸವೇಶ್ವರನಗರದ ಮೋಹನ್ ಕುಮಾರ್ ಮನೆಗೆ ಹೋದರು. ಎರಡನೇ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಎಡಗೈಯಲ್ಲೇ ಕಂಬಿ ಹಿಡಿದು ನಿಂತರು. ಮೋಹನ್ ಕುಮಾರ್ ಬ್ಯಾಂಕಿನಲ್ಲಿ ಅಧಿಕಾರಿ. ಎರಡು ವರ್ಷದಿಂದ ಒಂದು ಜಾವಾವನ್ನು ತಿರುಪು ತಿರುಪಾಗಿ ಕೂಡಿಸಿದ್ದಾರೆ. ಬರುವ ಭಾನುವಾರ ಅದು ಹಳೇ ಗಾಡಿಗಳ ಪ್ರದರ್ಶನಕ್ಕೆ ಹೋಗುವುದಿತ್ತು. ಅಲ್ಲಿ ತೀರ್ಪುಗಾರರು ಪ್ರತಿ ಪಾರ್ಟನ್ನೂ ನೋಡುತ್ತಾರೆ. ಆರು ತಿಂಗಳ ಹಿಂದೆ ಅವರ ಗಾಡಿಯ ಮುಚ್ಚಳಕ್ಕೆ ನಾಗಭೂಷಣ್ ಗೆರೆ ಎಳೆದಿದ್ದರು. ಅವರು ಹುಡುಕಿ ತಂದ ಇನ್ನೊಂದಕ್ಕೆ ಚುಕ್ಕಿ ಇಟ್ಟಿದ್ದರು.

ಪೋರ್ಟಿಕೋದಲ್ಲಿ ಗಾಡಿಯ ಪಕ್ಕ ನಿಂತೇ ನಾಗಭೂಷಣ್ ಎಲ್ಲ ಹೇಳಿದರು. ಪುಟ್ಟಿಯ ವಿಷಯವನ್ನೂ ಬಿಡಲಿಲ್ಲ.

"ಹಳೇ ಮುಚ್ಚಳ ಇಟ್ಟಿದೀರಾ?" ಎಂದು ಕೊನೆಗೆ ಕೇಳಿದರು.

"ಗುಜರಿಗೆ ಹಾಕ್ದೆ. ನೀವು ಹೇಳಿದ್ರಲ್ಲ ನಾಗಣ್ಣ, ಖೋಟಾ ಮಾಲು ಮನೇಲಿ ಇಟ್ಕೋಬೇಡಿ ಅಂತ."

ಹೇಳಿದ್ದು ನಿಜ. ನಗುತ್ತ ಹೇಳಿದ್ದರು.

ಮೋಹನ್ ಕುಮಾರ್ ಗಾಡಿಯ ಸೀಟಿನ ಮೇಲೆ ಕೈಯೂರಿದರು. ದನಿ ಏರಿಸಲಿಲ್ಲ.

"ಇದೊಂದು ಮುಚ್ಚಳ ಬಿಡಿ. ಉಳಿದ ಪಾರ್ಟುಗಳಿಗೆಲ್ಲ ಚುಕ್ಕಿ ಇಟ್ಟಿರೋದೂ ನೀವೇ."

"ಅವಕ್ಕೆ ಗೋಡೆ ಮೇಲಿನ ತುಂಡು ಬೇಕಾಗಿರ್ಲಿಲ್ಲ, ಸಾರ್. ಕಣ್ಣಲ್ಲೇ ನೋಡಿ ಹೇಳಿದ್ದು."

"ಇದನ್ನೂ ಕಣ್ಣಲ್ಲೇ ನೋಡಿ ತಾನೇ ಗೋಡೆಗೆ ಹಾಕಿದ್ದು?"

ಒಳಗಿನಿಂದ ಕಾಫಿ ಬಂತು. ಇಬ್ಬರೂ ನಿಂತೇ ಕುಡಿದರು. ಲೋಟ ಕೆಳಗಿಟ್ಟು, "ಬೇರೆಯವರಿಗೂ ಹೇಳ್ತೀರಾ?" ಎಂದರು ಮೋಹನ್ ಕುಮಾರ್.

"ಹೇಳ್ಲೇಬೇಕು."

"ಹೇಳಿದ ಮೇಲೆ ಯಾರೂ ನಿಮ್ಮ ಹತ್ರ ಬರಲ್ಲ ನಾಗಣ್ಣ."

"ಗೊತ್ತು."

ಮರುದಿನ ಮೋಹನ್ ಕುಮಾರ್ ಪ್ರದರ್ಶನದ ಪಟ್ಟಿಯಿಂದ ತಮ್ಮ ಗಾಡಿಯನ್ನು ತೆಗೆಸಿದರು. ನಾಗಭೂಷಣ್‌ಗೆ ನೆನಪಿರುವ ಮಟ್ಟಿಗೆ, ಮುಚ್ಚಳದ ವಿಷಯದಲ್ಲಿ ಅವರ ಮಾತು ಕೇಳಿದವರು ಇನ್ನೂ ಒಂಬತ್ತು ಜನ ಇದ್ದಾರೆ. ಏಳು ಜನರ ನಂಬರು ಸಿಕ್ಕಿದೆ. ಬುಧವಾರ ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ಮೊದಲ ಫೋನ್ ಅವರಲ್ಲಿ ಒಬ್ಬರಾದ ನೆಲಮಂಗಲದ ಉಗ್ರಪ್ಪ ಎಂಬವರಿಗೆ.