ಎರಡು ಕೊಡ ನೀರು

ಯಾರಾದರೂ ನನ್ನನ್ನು "ಆರೋಗ್ಯವಾಗಿದ್ದೀರಾ?" ಎಂದು ಕೇಳಿದರೆ ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಕೇಳಿದವರ ಚಪ್ಪಲಿ ನೋಡುತ್ತೇನೆ, ಕೈಯಲ್ಲಿ ಚೀಲ ಇದೆಯೇ ಎಂದು ನೋಡುತ್ತೇನೆ, ಇವರನ್ನು ಯಾರು ಕಳಿಸಿರಬಹುದು ಎಂದು ಯೋಚಿಸುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರು ಹಳೇ ಯಲಹಂಕದ ನಮ್ಮ ಬೀದಿಯಲ್ಲಿ ಬೆಳೆದವರಲ್ಲ.

ನನ್ನ ಅಪ್ಪ ಸಿಂಗಪುರದ ಒಂದು ಹಡಗು ಕಂಪನಿಯ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದ. ನಾವು ಊರಿನಲ್ಲಿ, ಅವನು ಅಲ್ಲಿ. ಯುದ್ಧ ಮುಗಿದ ಮೇಲೆ ಬಂದ ಮೊದಲ ರಜೆಯ ಫಲ ನಾನು. ಅವನು ನಿವೃತ್ತನಾಗಿ ಪೆಟ್ಟಿಗೆ ಸಮೇತ ಮನೆಗೆ ಬಂದಾಗ ನನಗೆ ಹನ್ನೆರಡು. ಬರುವ ಮೊದಲೇ ಕಂಪನಿಯವರು ಅವನ ಮುಂದೆ ಎರಡು ದಾರಿ ಇಟ್ಟಿದ್ದರಂತೆ. ಔಷಧಿ ಆಸ್ಪತ್ರೆಯ ಬಾಬ್ತು ಎಂದು ಒಂದು ಇಡಿಗಂಟು ತೆಗೆದುಕೊಂಡು ಕೈ ತೊಳೆದುಕೊಳ್ಳಬಹುದು. ಇಲ್ಲವೇ ಆಸ್ಪತ್ರೆ ಫಂಡಿನಲ್ಲಿ ಉಳಿಯಬಹುದು. ಉಳಿದರೆ ಪ್ರತಿ ತಿಂಗಳ ಪಿಂಚಣಿಯಲ್ಲಿ ಒಂದಿಷ್ಟು ಹಿಡಿದುಕೊಳ್ಳುತ್ತಾರೆ, ಮುಂದೆ ದೊಡ್ಡ ಕಾಯಿಲೆ ಬಂದರೆ ಆಸ್ಪತ್ರೆಯ ಖರ್ಚೆಲ್ಲ ಅವರದು.

ಅಪ್ಪ ಉಳಿಯುವ ದಾರಿ ಹಿಡಿದು ಬಂದಿದ್ದ. ಅವ್ವನಿಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ.

"ಕಾಯ್ಲೆ ಬಂದ್ರೆ ಕೊಡ್ತೀವಿ ಅನ್ನೋರು ಕಾಯ್ಲೆ ಬರ್ಲಿ ಅಂತ್ಲೇ ಕಾಯ್ಕೊಂಡ್ ಕುಂತಿರ್ತಾರೆ. ಅಂಥೋರ ಕಣ್ಣು ಒಳ್ಳೇದಲ್ಲ," ಎನ್ನುತ್ತಿದ್ದಳು.

"ಅವ್ರು ಕಾಯ್ತಿರೋದು ಬರ್ದೇ ಇರ್ಲಿ ಅಂತ ಕಣೇ. ಬರ್ದೇ ಇದ್ರೆ ತಾನೇ ಅವ್ರಿಗೆ ಉಳಿಯೋದು," ಎಂದು ಅಪ್ಪ ಹೇಳಿದರೆ, "ಅಂಗಾದ್ರೆ ಬಂದಾಗ ಕೊಡ್ತಾರಾ?" ಎಂದು ಅವ್ವ ಕೇಳುವಳು.

ವರ್ಷಕ್ಕೊಂದು ಸಲ ನೀಲಿ ಬಣ್ಣದ ಫಾರಂ ಬರುತ್ತಿತ್ತು. ನಾನು ಹೈಸ್ಕೂಲಿಗೆ ಹೋದ ಮೇಲೆ ಅದನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಅದರ ತಲೆಯ ಮೇಲೆ "ಪರದೇಶದಲ್ಲಿ ವಾಸಿಸುವ ಪಿಂಚಣಿದಾರರಿಗೆ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಿತ್ತು. ಹುಟ್ಟಿದ ಮನೆಯ ಜಗಲಿಯ ಮೇಲೆ ಕೂತವನನ್ನು ಪರದೇಶಿ ಮಾಡಿದ್ದರು. ನನಗೆ ಆ ಫಾರಮ್ಮಿನ ಮೇಲೆ ಅನುಮಾನ ಶುರುವಾದದ್ದು ಅಲ್ಲಿಂದ. ಇವನು ಎಲ್ಲಿದ್ದಾನೆ ಎಂಬುದನ್ನೇ ಸರಿಯಾಗಿ ಬರೆಯದವರು ಇವನ ಹೊಟ್ಟೆಯೊಳಗೆ ಏನಿದೆ ಎಂದು ನಂಬುತ್ತಾರೆಯೇ?

ಹೊಟ್ಟೆಯೊಳಗೆ ಹುಣ್ಣಿತ್ತು. ನನಗೆ ಹತ್ತೊಂಬತ್ತು ತುಂಬಿದ ವರ್ಷ, ಒಂದು ಬೆಳಗ್ಗೆ ಅಪ್ಪ ಹಿತ್ತಲಲ್ಲಿ ಬಗ್ಗಿ ರಕ್ತ ಕಾರಿದ. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ತೆಗೆಸಿ, ಆಪರೇಷನ್ ಆಗಲೇಬೇಕು, ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಮಂಚ ಸಿಗಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಅಪ್ಪ ಡಾಕ್ಟರ ಚೀಟಿಯನ್ನು ಫಂಡಿಗೆ ಕಳಿಸಿದ. ನಮ್ಮ ಮನುಷ್ಯ ಬಂದು ನೋಡಿ ವರದಿ ಮಾಡುತ್ತಾನೆ, ಆಮೇಲೆ ಮಂಜೂರು ಎಂದು ಉತ್ತರ ಬಂತು. ಯಾವತ್ತು ಬರುತ್ತಾನೆ ಎಂದು ಬರೆದಿರಲಿಲ್ಲ. ಕಂಪನಿಯ ಮನುಷ್ಯ ಎಂದರೆ ಟೋಪಿ ಹಾಕಿಕೊಂಡು ಕಾರಿನಲ್ಲಿ ಬರುವವನು ಎಂದು ನಾವು ನಾವೇ ತೀರ್ಮಾನಿಸಿಕೊಂಡೆವು.

ಅದೇ ಹೊತ್ತಿಗೆ ನನಗೆ ದಾಸರಹಳ್ಳಿ ಕಡೆಯ ಒಂದು ಸಂಬಂಧ ಬಂದಿತ್ತು. ನಮ್ಮಲ್ಲಿ ಹೆಣ್ಣು ನೋಡಲು ಬರುವ ಮೊದಲು ಗಂಡಿನ ಕಡೆಯವರು ಗುಟ್ಟಾಗಿ ಒಬ್ಬರನ್ನು ಕಳಿಸುತ್ತಿದ್ದರು. ಬಂದವರು ತಾವು ಯಾರೆಂದು ಹೇಳುತ್ತಿರಲಿಲ್ಲ. ಬೀದಿಯಲ್ಲಿ ನಾಲ್ಕು ಮನೆ ವಿಚಾರಿಸಿ, ಕುಡಿಯಲು ನೀರು ಕೇಳುವ ನೆಪದಲ್ಲಿ ಹೆಣ್ಣಿನ ಮನೆಯ ಜಗಲಿ ಹತ್ತಿ, ಮನೆತನದಲ್ಲಿ ಕಾಯಿಲೆ ಕಸಾಲೆ ಏನಾದರೂ ಇದೆಯೇ ಎಂದು ಕಣ್ಣಾಡಿಸಿ ಹೋಗುತ್ತಿದ್ದರು. ರಕ್ತ ಕಾರಿದ ಎಂದರೆ ಆಗ ಯಾರೂ ಹುಣ್ಣು ಎನ್ನುತ್ತಿರಲಿಲ್ಲ, ಕ್ಷಯ ಎನ್ನುತ್ತಿದ್ದರು. ಕ್ಷಯದ ಮನೆಯ ಹುಡುಗಿಯನ್ನು ಯಾರೂ ತರುತ್ತಿರಲಿಲ್ಲ. ಹಾಗಾಗಿ ಅಪ್ಪನ ಕಾಯಿಲೆ ನಾಲ್ಕು ಗೋಡೆಯೊಳಗೇ ಇತ್ತು, ಹಾಗೆಂದು ನಾವು ತಿಳಿದಿದ್ದೆವು. ಬೀದಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರುವುದು ನಮ್ಮ ಬೀದಿಯ ಮರ್ಯಾದೆ.

ಒಂದು ದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಪಂಚೆ ಉಟ್ಟು, ಕೊಡೆ ಹಿಡಿದ ಒಬ್ಬ ಮನುಷ್ಯ ಬೀದಿಗೆ ಬಂದ. ಮೂರು ಮನೆಯ ಮುಂದೆ ನಿಂತು ಮಾತಾಡಿದ. ಎದುರು ಮನೆಯ ಅಜ್ಜಿ ಹಿತ್ತಲಿನಿಂದ ಸುತ್ತಿ ಬಂದು, "ಬಂದವ್ನೆ ಕಣವ್ವ. ನಿಮ್ಮ ಯಜಮಾನ್ರು ಇಂಗವ್ರಾ ಅಂಗವ್ರಾ ಅಂತ ಕೇಳ್ತಾವ್ನೆ. ಕಲ್ಲುಗುಂಡು ಇದ್ದಂಗವ್ರೆ ಅಂದಿವ್ನಿ. ನೀವೂ ಅಂಗೇ ಅನ್ನಿ," ಎಂದು ಹೇಳಿ ಹೋದಳು.

ಆಮೇಲೆ ಆತ ನಮ್ಮ ಜಗಲಿ ಹತ್ತಿ ಕುಡಿಯಲು ನೀರು ಕೇಳಿದ. ಅವ್ವ ಮಜ್ಜಿಗೆಯನ್ನೇ ಕೊಟ್ಟಳು. ಆತ ಕೈಚೀಲವನ್ನು ಪಕ್ಕಕ್ಕೆ ಇಟ್ಟುಕೊಂಡು ಅದರಲ್ಲಿ ಎಲೆಯಡಿಕೆ ಹುಡುಕಿದ. ಊರು, ಮಳೆ, ದ್ರಾಕ್ಷಿ ಬೆಳೆ ಎಲ್ಲ ಆದ ಮೇಲೆ, "ಮನೆಯವ್ರು ಸಿಂಗಪುರದಲ್ಲಿದ್ರಂತೆ. ಈಗ ಹೆಂಗಿದಾರೆ?" ಎಂದ.

"ಅವ್ರಿಗೇನು, ದಿನಾ ಅಲ್ಲಾಳಸಂದ್ರದ ಗಂಟ ನಡ್ಕೊಂಡು ಓಗ್ಬತ್ತಾರೆ," ಎಂದಳು ಅವ್ವ.

ಆತ ನನ್ನ ಕಡೆ ತಿರುಗಿದ. "ಹೌದೇನಮ್ಮಾ?"

"ಹೌದು," ಎಂದೆ. ಆತನ ಕಣ್ಣು ನನಗೆ ಸರಿ ಕಾಣಲಿಲ್ಲ. ನಮ್ಮ ಮಾತು ನಂಬುವ ಕಣ್ಣಲ್ಲ ಅದು. ನಂಬಿಸಬೇಕು ಎಂದು ನನಗೂ ಹಟ ಬಂತು. "ನಿನ್ನೆ ಸೂರಿನ ಮೇಲೆ ಹತ್ತಿ ಹೆಂಚು ಸರಿ ಮಾಡಿದ್ರು," ಎಂದು ಸೇರಿಸಿದೆ.

ಒಳಗೆ ಮಲಗಿದ್ದ ಅಪ್ಪ ಅಂಗಿ ತೊಟ್ಟುಕೊಂಡು ಹೊರಗೆ ಬಂದ. ಬಂದವನ ಮುಖ ನೋಡಿದ, ಚೀಲ ನೋಡಿದ, ಬಾಗಿಲಲ್ಲಿ ಒಂದು ಗಳಿಗೆ ಹಾಗೇ ನಿಂತ. ಅವ್ವ, "ಏನೂಂದ್ರೆ, ಬಾವಿಯಿಂದ ನೀರು ತರಕ್ಕೆ ಓಗ್ತಿದ್ರಲ್ಲ," ಎಂದಳು. ನಮ್ಮ ಬೀದಿಯಲ್ಲಿ ಗಂಡಸು ನೀರು ಹೊತ್ತದ್ದನ್ನು ಯಾರೂ ಕಂಡಿರಲಿಲ್ಲ. ಅಪ್ಪ ಕೊಡ ಎತ್ತಿಕೊಂಡ. ಬಾವಿ ಬೀದಿಯ ಆ ತುದಿಯಲ್ಲಿತ್ತು. ಸೇದಿ, ತುಂಬಿದ ಹಿತ್ತಾಳೆ ಕೊಡವನ್ನು ಹೆಗಲ ಮೇಲಿಟ್ಟುಕೊಂಡು ಬಂದ. ಮತ್ತೆ ಹೋಗಿ ಇನ್ನೊಂದು ತಂದ. ಅಷ್ಟೂ ಬಾಗಿಲುಗಳಲ್ಲಿ ಜನ ನಿಂತಿದ್ದರು. ಎದುರು ಮನೆಯ ಅಜ್ಜಿ, "ದಿನಾ ಇದೇ ಪಾಡು, ಯೆಂಡ್ರ ಕೈಲಿ ನೀರು ಒರಿಸಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಅಷ್ಟಕ್ಕೇ ಬಿಡಬಹುದಿತ್ತು. ಅವ್ವ ಬಂದವನಿಗೂ ಅಪ್ಪನಿಗೂ ಜೊತೆಯಲ್ಲಿ ಎಲೆ ಹಾಕಿದಳು. ತಿಂಗಳಿಂದ ಗಂಜಿ, ಹಾಲು ಬಿಟ್ಟು ಬೇರೇನೂ ಮುಟ್ಟದ ಅಪ್ಪ ಹುರುಳಿಕಾಳಿನ ಖಾರದ ಸಾರಿನಲ್ಲಿ ಎರಡು ಮುದ್ದೆ ನುಂಗಿದ. ಹಣೆಯಲ್ಲಿ ಬೆವರಿತ್ತು. ಬಿಸಿಲು ಜಾಸ್ತಿ ಎಂದ.

ಆ ಮನುಷ್ಯ ಹೋದ ಮೇಲೆ ಅಪ್ಪ ಎರಡು ದಿನ ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ. ಅವ್ವ ಅಳುತ್ತಲೇ ಇದ್ದಳು, ಆದರೆ ಅಳುವಿನ ಮಧ್ಯೆ, "ಒಪ್ಕೊಂಡು ಓದ ಅನ್ನುಸ್ತದೆ," ಎಂದೂ ಹೇಳುತ್ತಿದ್ದಳು.

ಮೂರು ವಾರಕ್ಕೆ ಫಂಡಿನಿಂದ ಕಾಗದ ಬಂತು. ನಾನೇ ಓದಿದೆ. ನಮ್ಮ ಪ್ರತಿನಿಧಿ ನಿಯಮದಂತೆ ಗುರುತು ಹೇಳಿಕೊಳ್ಳದೆ ನಿಮ್ಮ ಮನೆಗೆ ಬಂದು ನೋಡಿದ್ದಾರೆ, ನೆರೆಯವರನ್ನೂ ವಿಚಾರಿಸಿದ್ದಾರೆ, ತಾವು ದೃಢಕಾಯರಾಗಿ ಇರುವುದು ತಿಳಿದು ಸಂತೋಷ, ತಮ್ಮ ಕೋರಿಕೆಯನ್ನು ಮುಚ್ಚಲಾಗಿದೆ ಎಂದಿತ್ತು. ಅವ್ವ ಹಣೆ ಚಚ್ಚಿಕೊಂಡಳು. ಅಪ್ಪ ಮಾತ್ರ ಸಂತೆಯ ಸುದ್ದಿ ಕೇಳಿದವನ ಹಾಗೆ ತಲೆಯಾಡಿಸಿದ.

ನನಗೆ ಅದೇ ಅನುಮಾನಕ್ಕೆ ಕಾರಣವಾಯಿತು. ಅವ್ವ ನೀರು ಕಾಯಿಸಲು ಹೋದಾಗ ಹತ್ತಿರ ಕೂತು ಕೇಳಿದೆ.

"ಅಪ್ಪಾ, ನಿನಗೆ ಮೊದ್ಲೇ ಗೊತ್ತಿತ್ತಾ?"

ಅವನು ಕಾಗದವನ್ನು ಮಡಿಸಿ ದಿಂಬಿನ ಕೆಳಗಿಟ್ಟ. "ಚೀಲದ ಬಾಯಲ್ಲಿ ನೀಲಿ ಫಾರಂ ಕಾಣ್ತಿತ್ತು," ಎಂದ.

"ಮತ್ತೆ ಯಾಕೆ ಹೇಳ್ಲಿಲ್ಲ? ಯಾಕೆ ನೀರು ಹೊತ್ತೆ?"

"ಬೀದಿಯೋರೆಲ್ಲ ಬಾಗ್ಲಾಗೆ ನಿಂತಿದ್ರು ಕಣವ್ವ. ಅವ್ನ ಮುಂದೆ ಕಾಯ್ಲೆ ಅಂದ್ರೆ ಊರ ಮುಂದೆ ಅಂದಂಗೆ. ಇವತ್ತಲ್ಲ ನಾಳೆ ದಾಸರಳ್ಳಿಯೋರು ಬಂದೇ ಬತ್ತಾರೆ. ನನ್ನ ಹೊಟ್ಟೆ ಇನ್ನೊಂದು ವರ್ಷ ತಡೀತದೆ. ನಿಂಗೆ ಈ ವರ್ಷ ಆಗ್ಬೇಕಲ್ಲ."

ನನಗೆ ಬಂದದ್ದು ಅಳು ಅಲ್ಲ, ಕೋಪ. ಅವನ ಮೇಲೆ, ಅವ್ವನ ಮೇಲೆ, ಬೀದಿಯ ಮೇಲೆ, ಹೆಂಚಿನ ಕಥೆ ಕಟ್ಟಿದ ನನ್ನ ನಾಲಿಗೆಯ ಮೇಲೆ. ಅವತ್ತೇ ಸಂಜೆ ಕೂತು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಫಂಡಿಗೆ ಕಾಗದ ಬರೆದೆ. ನಮ್ಮಲ್ಲಿ ಹೆಣ್ಣು ಕೇಳುವ ಮೊದಲು ಹೀಗೊಂದು ಪದ್ಧತಿ ಇದೆ, ನಿಮ್ಮ ಮನುಷ್ಯನನ್ನು ಹಾಗೆ ಬಂದವನೆಂದು ತಿಳಿದು ಎಲ್ಲರೂ ಸುಳ್ಳು ಹೇಳಿದೆವು, ನಾನೂ ಹೇಳಿದೆ, ಡಾಕ್ಟರ ಎಕ್ಸ್‌ರೇ ಮಾತ್ರ ಸುಳ್ಳು ಹೇಳಿಲ್ಲ, ಬೇಕಾದರೆ ತರಿಸಿ ನೋಡಿ ಎಂದೆ. ನಾನೇ ಹೋಗಿ ಅಂಚೆಗೆ ಹಾಕಿದೆ.

ಈಗ ಮನೆಗೆ ಎರಡು ಕಡೆಯಿಂದಲೂ ಯಾರಾದರೂ ಬರಬಹುದಿತ್ತು. "ಯಾರು ಯಾವ ಕಡೆಯೋರು ಅಂತ ಎಂಗೆ ತಿಳ್ಕೊಳ್ಳೋದು?" ಎಂದು ಅವ್ವನಿಗೆ ಚಿಂತೆ. ಬಂದವನ ಚೀಲವನ್ನು ಹೇಗಾದರೂ ಇಣುಕಿ ನೋಡು ಎಂದು ನನಗೆ ಹೇಳಿಕೊಟ್ಟಳು. ನಾನು ಹೂಂ ಎಂದೆ, ಮನಸ್ಸಿನಲ್ಲಿ ಬೇರೆಯೇ ಇತ್ತು.

ಹದಿನೈದು ದಿನಕ್ಕೆ ಒಬ್ಬರು ಬಂದರು. ವಯಸ್ಸಾದವರು, ಕರಿ ಕೋಟು, ಬಟ್ಟೆಯ ಚೀಲ. ನೀರು ಕೇಳಿದರು. ಎದುರು ಮನೆಯ ಅಜ್ಜಿ ಆಗಲೇ ಬಾಗಿಲಲ್ಲಿದ್ದಳು. ಒಳಗೆ ಅಪ್ಪ ಏಳುವ ಸದ್ದಾಯಿತು. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಅಪ್ಪನಿಗೆ ಹೊಟ್ಟೆಯಲ್ಲಿ ಹುಣ್ಣು. ರಕ್ತ ಕಾರಿದಾರೆ. ಆಪರೇಷನ್ ಆಗ್ಬೇಕು. ಒಂದು ಚೊಂಬು ನೀರು ಎತ್ತಕ್ಕೂ ಆಗಲ್ಲ," ಎಂದೆ. ಬೀದಿಗೆಲ್ಲ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. ಅವರು ಯಾರೆಂದು ಕೇಳಲಿಲ್ಲ, ಚೀಲವನ್ನೂ ನೋಡಲಿಲ್ಲ. ಅವ್ವ ನನ್ನ ತೋಳು ಚಿವುಟಿದ ಗುರುತು ಒಂದು ವಾರ ಇತ್ತು.

ಆ ಹಿರಿಯರು ನಿಧಾನವಾಗಿ ನೀರು ಕುಡಿದು ಚೊಂಬು ಕೆಳಗಿಟ್ಟರು. "ನಾನು ಹುಡುಗನ ಸೋದರಮಾವ," ಎಂದರು. "ಈ ವರ್ಷ ಆರು ಮನೆ ನೋಡಿದೀನಿ. ಒಂದು ಮನೇಲೂ ಯಾರಿಗೂ ನೆಗಡಿ ಕೂಡ ಬಂದಿಲ್ವಂತೆ. ಕಾಯ್ಲೆ ಇದೆ ಅಂದವಳು ನೀನೊಬ್ಳೇ ಕಣಮ್ಮ." ಹೀಗೆ ಮೆಚ್ಚಿ ಮಾತಾಡಿ, ಒಳಗೆ ಹೋಗಿ ಅಪ್ಪನನ್ನೂ ವಿಚಾರಿಸಿಕೊಂಡು ಹೋದರು. ಹೋದವರು ಮತ್ತೆ ಬರಲಿಲ್ಲ, ಹೇಳಿಯೂ ಕಳಿಸಲಿಲ್ಲ.

ಫಂಡಿನಿಂದಲೂ ಯಾರೂ ಬರಲಿಲ್ಲ. ಎಕ್ಸ್‌ರೇ ತರಿಸಿಕೊಂಡರು, ಇನ್ನೂ ಎರಡು ನೀಲಿ ಫಾರಂ ತುಂಬಿಸಿಕೊಂಡರು, ಕೊನೆಗೆ ಒಪ್ಪಿದರು. ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಅಪ್ಪ ಬದುಕಿದ. ಆದರೆ ಮನೆಗೆ ಬಂದ ಮೇಲೂ ನನ್ನೊಡನೆ ಮಾತಾಡಲಿಲ್ಲ. ಬೇಕಾದ್ದನ್ನು ಅವ್ವನನ್ನು ಕೇಳುವನು. ನಾನು ಗಂಜಿ ತಂದಿಟ್ಟರೆ ಗೋಡೆ ನೋಡುವನು. ಜೀವ ಉಳಿಸಿದವಳ ಮೇಲೆ ಇದೆಂಥ ಮುನಿಸು ಎಂದು ನನಗೂ ಸಿಟ್ಟು ಬಂದಿತ್ತು, ನಾನೂ ಬಿಗಿದುಕೊಂಡೇ ಇದ್ದೆ.

ಒಂದು ಬೆಳಗ್ಗೆ ನಾನು ಬಾವಿಯಿಂದ ಬಂದು ಕೊಡ ಇಳಿಸುತ್ತಿದ್ದೆ. ಅಪ್ಪ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಕೊಡವನ್ನೇ ನೋಡುತ್ತ ಹೇಳಿದ:

"ಅಂಗಾದ್ರೆ ನಾನು ಅವತ್ತು ಒತ್ತ ಎರಡು ಕೊಡ ನೀರು ದಂಡ ಆಯ್ತಲ್ಲವ್ವ."